ಹಳದಿ ಬಣ್ಣ ಕಡಿಮೆ ಆದರೆ ಸಾಕೇ? ಫಾಸ್ಫಟೇಸ್ ತಡೆಯುವ ಅಣುವನ್ನು ಪರೀಕ್ಷಿಸುವ ಕ್ರಮ

“ಮೇಡಂ, ನಮ್ಮ ಎಲಿ ಸಾರಕ್ಕ 90 ಪರ್ಸೆಂಟ್ ಇನ್ಹಿಬಿಷನ್ ಬಂದೈತ್ರಿ. ಇನ್ನ ಮುಂದ ಏನ್ ಮಾಡೂದ್ರಿ?”

ಪ್ರಾಜೆಕ್ಟ್ ಮುಗಿಸುವ ತಿಂಗಳು ಬಂತೆಂದರೆ ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಎಂ.ಎಸ್ಸಿ. ವಿದ್ಯಾರ್ಥಿಗಳಿಂದ ಈ ಪ್ರಶ್ನೆ ಬಂದೇ ಬರುತ್ತದೆ. ಗಿಡ ಬೇರೆ ಇರಬಹುದು, ಅಣು ಬೇರೆ ಇರಬಹುದು, ಪ್ರಶ್ನೆ ಮಾತ್ರ ಇದೇ. ಹಾಗಾಗಿ ಉತ್ತರವನ್ನು ಒಂದೇ ಕಡೆ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಮುಂದೆ ಹೋಗುವ ಮೊದಲು ಒಂದು ಹೆಜ್ಜೆ ಹಿಂದೆ ಬನ್ನಿ. 90 ಪರ್ಸೆಂಟ್ ಇನ್ಹಿಬಿಷನ್ ಅಂದರೆ ಎಂಜೈಮಿನ ಕೆಲಸ ಅಷ್ಟು ತಗ್ಗಿದೆ ಅಂತ. ಫಾಸ್ಫಟೇಸ್ ಎಂಬ ಎಂಜೈಮ್ ಕೆಲಸ ಮಾಡಿದಷ್ಟೂ ಈ ಪರೀಕ್ಷೆಯ ಟ್ಯೂಬಿನಲ್ಲಿ ಹಳದಿ ಏಳುತ್ತದೆ, ನಿಮ್ಮ ಸಾರ ಹಾಕಿದಾಗ ಬಣ್ಣ ಕಡಿಮೆ ಬಂದಿರುವುದು ನಿಜ. ಆದರೆ ನಿಮ್ಮ ಅಣು ಎಂಜೈಮನ್ನು ಹಿಡಿದು ನಿಲ್ಲಿಸಿದ್ದೇ ಅದಕ್ಕೆ ಕಾರಣ ಅಂತ ಇನ್ನೂ ಗೊತ್ತಾಗಿಲ್ಲ. ಬೇರೆ ಹತ್ತು ಕಾರಣ ಇರಬಹುದು. ಅವನ್ನು ಒಂದೊಂದಾಗಿ ತಳ್ಳಿಹಾಕುವುದೇ ಈ ಕೆಲಸದ ಮುಕ್ಕಾಲು ಪಾಲು. ಒಂದು ಕಲರಿಮೀಟರ್, ಒಂದು ಸೆಂಟ್ರಿಫ್ಯೂಜ್, ಒಂದಿಷ್ಟು ಐಸ್ ಇದ್ದರೆ ಬಹುಪಾಲನ್ನು ಕಾಲೇಜಿನ ಲ್ಯಾಬಿನಲ್ಲೇ ಮಾಡಬಹುದು.

ಮೊದಲು ವಿಷಯ ತಿಳಿದಿರಲಿ

ಜೀವಕೋಶದ ಒಳಗೆ ಸುದ್ದಿ ಸಾಗುವುದಕ್ಕೆ ಸಿಗ್ನಲಿಂಗ್ ಅನ್ನುತ್ತಾರೆ. ಈ ಸುದ್ದಿಯ ದೊಡ್ಡ ಪಾಲು ಫಾಸ್ಫೇಟ್ ಎಂಬ ಚಿಕ್ಕ ಗುಂಪಿನ ಮೂಲಕ ನಡೆಯುತ್ತದೆ. ಕೈನೇಸ್ ಎಂಬ ಎಂಜೈಮ್, ಅಂದರೆ ಕಿಣ್ವ, ಪ್ರೋಟೀನಿಗೆ ಫಾಸ್ಫೇಟ್ ಹಚ್ಚುತ್ತದೆ. ಫಾಸ್ಫಟೇಸ್ ಅದನ್ನು ಕಳಚುತ್ತದೆ. ಹಚ್ಚುವುದು, ಕಳಚುವುದು ಎರಡೂ ಸೇರಿದರೇ ಸುದ್ದಿ. ಪ್ರೋಟೀನುಗಳಲ್ಲಿ ಈ ಕೊಡು-ಕೊಳ್ಳು ಹೇಗೆ ನಡೆಯುತ್ತದೆ ಎಂದು ತೋರಿಸಿದ ಎಡ್ಮಂಡ್ ಫಿಶರ್ ಮತ್ತು ಎಡ್ವಿನ್ ಕ್ರೆಬ್ಸ್ ಅವರಿಗೆ 1992ರಲ್ಲಿ ನೊಬೆಲ್ ಬಂತು.

ಇನ್ಸುಲಿನ್‌ನ ಉದಾಹರಣೆ ನೋಡಿ. ಇನ್ಸುಲಿನ್ ಬಂದು ತನ್ನ ರಿಸೆಪ್ಟರ್ ಮೇಲೆ ಕೂತಾಗ, ರಿಸೆಪ್ಟರಿನ ಒಳಬದಿಯಲ್ಲಿರುವ ಅಮೈನೋ ಆಸಿಡ್ ಟೈರೋಸಿನ್‌ಗಳಿಗೆ ಫಾಸ್ಫೇಟ್ ಹತ್ತುತ್ತದೆ. ಪಿಟಿಪಿ1ಬಿ ಎಂಬ ಫಾಸ್ಫಟೇಸ್ ಅದನ್ನು ಕಳಚಿ ಸುದ್ದಿ ನಿಲ್ಲಿಸುತ್ತದೆ. ಈ ಪಿಟಿಪಿ1ಬಿ ಇಲ್ಲದ ಇಲಿಗಳಲ್ಲಿ ಇನ್ಸುಲಿನ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ, ಕೊಬ್ಬಿನ ಆಹಾರ ಕೊಟ್ಟರೂ ಅವು ಅಷ್ಟಾಗಿ ದಪ್ಪ ಆಗುವುದಿಲ್ಲ ಎಂದು 1999ರಲ್ಲಿ ಗೊತ್ತಾಯಿತು. ಸಕ್ಕರೆ ಕಾಯಿಲೆಯ ಹೆಸರಿನಲ್ಲಿ ಇಷ್ಟೊಂದು ಗಿಡಗಳ ಸಾರವನ್ನು ಪಿಟಿಪಿ1ಬಿ ಮೇಲೆ ಹಾಕಿ ನೋಡುವುದರ ಹಿಂದೆ ಇರುವುದು ಇದೇ ಕಥೆ.

ನಾವು ಇಲ್ಲಿ ಮಾತಾಡುತ್ತಿರುವುದು ಔಷಧಿಯ ಬಗ್ಗೆ ಅಲ್ಲ, ಸಾಧನದ ಬಗ್ಗೆ. ಒಂದು ಫಾಸ್ಫಟೇಸನ್ನು ಮಾತ್ರ ಅರ್ಧ ತಾಸು ನಿಲ್ಲಿಸಿದರೆ ಕೋಶದಲ್ಲಿ ಏನು ಬದಲಾಗುತ್ತದೆ ಎಂದು ನೋಡಲು ಬೇಕಾದ ಅಣು ಅದು. ಇಂಥ ಅಣುವಿಗೆ ಇನ್ಹಿಬಿಟರ್ ಅನ್ನುತ್ತಾರೆ, ಅಂದರೆ ಎಂಜೈಮಿನ ಕೆಲಸ ತಡೆಯುವ ಅಣು. ಒಂದರ ಜೊತೆ ಇನ್ನೂ ಮೂರು ಎಂಜೈಮ್ ನಿಂತುಹೋದರೆ ನೀವು ನೋಡಿದ ಬದಲಾವಣೆ ಯಾವುದರಿಂದ ಬಂತು ಅಂತ ಹೇಳುವುದಕ್ಕೇ ಆಗುವುದಿಲ್ಲ.

ಫಾಸ್ಫಟೇಸ್‌ಗಳಲ್ಲಿ ಇದು ಯಾಕೆ ಇಷ್ಟು ಕಷ್ಟ? ಮನುಷ್ಯರಲ್ಲಿ ಟೈರೋಸಿನ್ ಫಾಸ್ಫಟೇಸ್ (ಪಿಟಿಪಿ) ಕುಟುಂಬಕ್ಕೆ ಸೇರಿದ ಜೀನ್‌ಗಳೇ ನೂರಕ್ಕೂ ಜಾಸ್ತಿ ಇವೆ. ಅವುಗಳ ಕೆಲಸದ ಗುಳಿ, ಅಂದರೆ ಫಾಸ್ಫೇಟ್ ಬಂದು ಕೂರುವ ಜಾಗ, ಹೆಚ್ಚೂಕಡಿಮೆ ಒಂದೇ ಥರ. ಆ ಗುಳಿಗೆ ಹೊಂದುವ ಅಣು ಫಾಸ್ಫೇಟಿನ ಹಾಗೆ ಋಣ ವಿದ್ಯುದಂಶ ಹೊತ್ತಿರಬೇಕು. ಅಷ್ಟು ವಿದ್ಯುದಂಶ ಇದ್ದರೆ ಕೋಶದ ಪೊರೆ ಒಳಗೆ ಬಿಡುವುದಿಲ್ಲ. ಸಾಲದ್ದಕ್ಕೆ ಗುಳಿಯ ತಳದಲ್ಲಿರುವ ಸಿಸ್ಟೀನ್ ಎಂಬ ಅಮೈನೋ ಆಸಿಡ್ ಬೇಗ ಆಕ್ಸಿಡೈಸ್ ಆಗುತ್ತದೆ, ಆದ ಕೂಡಲೇ ಎಂಜೈಮ್ ಸುಮ್ನೆ ಕೂತುಬಿಡುತ್ತದೆ. ಈ ಮೂರನೆಯ ಸಂಗತಿ ನೆನಪಿಟ್ಟುಕೊಳ್ಳಿ. ಮೋಸ ಹೋಗುವುದು ಜಾಸ್ತಿ ಅಲ್ಲೇ.

ಆದರೂ ಒಳ್ಳೆಯ ಸಾಧನಗಳು ಸಿಕ್ಕಿವೆ. ಸಮುದ್ರದ ಸ್ಪಂಜಿನಲ್ಲಿ ಮೊದಲು ಸಿಕ್ಕ ಒಕಡಾಯಿಕ್ ಆಸಿಡ್ ಪಿಪಿ2ಎ ಎಂಬ ಫಾಸ್ಫಟೇಸನ್ನು 1 ನ್ಯಾನೋಮೋಲಾರ್‌ಗಿಂತ ಕಡಿಮೆ ಪ್ರಮಾಣದಲ್ಲೇ ತಡೆಯುತ್ತದೆ. ಅಂಗ ಕಸಿ ಮಾಡಿಸಿಕೊಂಡವರಿಗೆ ಕೊಡುವ ಸೈಕ್ಲೋಸ್ಪೋರಿನ್ ಕೆಲಸ ಮಾಡುವುದು ಕ್ಯಾಲ್ಸಿನ್ಯೂರಿನ್ ಎಂಬ ಫಾಸ್ಫಟೇಸನ್ನು ತಡೆದೇ. 2016ರಲ್ಲಿ ಬಂದ ಎಸ್‌ಎಚ್‌ಪಿ099 ಎಂಬ ಅಣು ಎಸ್‌ಎಚ್‌ಪಿ2 ಫಾಸ್ಫಟೇಸಿನ ಗುಳಿಗೆ ಹೋಗುವುದೇ ಇಲ್ಲ. ಬೇರೆ ಸಂದಿಯಲ್ಲಿ ಕೂತು ಎಂಜೈಮ್ ಬಾಗಿಲು ಹಾಕಿಕೊಂಡೇ ಇರುವ ಹಾಗೆ ಮಾಡುತ್ತದೆ.

ಒಂದು ಉದಾಹರಣೆ ನಮ್ಮ ಹೊಲದಲ್ಲೇ ಇದೆ. ತೊಗರಿ, ಬೆಂಡೆ ಹೂ ತಿನ್ನುವ ಕಪ್ಪು-ಕಿತ್ತಳೆ ಪಟ್ಟೆಯ ಹುಳು ಗೊತ್ತಲ್ವಾ? ಮೈ ಮೇಲೆ ಒರೆಸಿಹೋದರೆ ಬೊಬ್ಬೆ ಏಳುತ್ತದೆ. ಆ ಬೊಬ್ಬೆಗೆ ಕಾರಣ ಕ್ಯಾಂಥರಿಡಿನ್. ಅದು ಕೂಡ ಪಿಪಿ2ಎಯನ್ನು ತಡೆಯುವ ಅಣು. ದಯವಿಟ್ಟು ಹುಳು ಹಿಡಿದು ಸಾರ ತೆಗೆಯಲು ಹೋಗಬೇಡಿ. ಹೊಟ್ಟೆಗೆ ಹೋದರೆ ಜೀವಕ್ಕೇ ಅಪಾಯ.

ಏನೇನು ಬೇಕು

ಪಿಎನ್‌ಪಿಪಿ. ಪೂರ್ತಿ ಹೆಸರು ಪ್ಯಾರಾ ನೈಟ್ರೋಫಿನೈಲ್ ಫಾಸ್ಫೇಟ್. ಇದಕ್ಕೆ ಬಣ್ಣ ಇಲ್ಲ. ಫಾಸ್ಫಟೇಸ್ ಇದರ ಫಾಸ್ಫೇಟನ್ನು ಕಳಚಿದರೆ ಪ್ಯಾರಾ ನೈಟ್ರೋಫಿನಾಲ್ ಉಳಿಯುತ್ತದೆ. ಕಾಸ್ಟಿಕ್ ಸೋಡಾ ಹಾಕಿದ ತಕ್ಷಣ ಅದು ಅಚ್ಚ ಹಳದಿ ಆಗುತ್ತದೆ. ಬಣ್ಣ ಎಷ್ಟು ಗಾಢವೋ ಎಂಜೈಮ್ ಅಷ್ಟು ಕೆಲಸ ಮಾಡಿದೆ ಎಂದರ್ಥ.

ಉಳಿದದ್ದು: ಅಸಿಟೇಟ್ ಬಫರ್ (ಪಿಎಚ್, ಅಂದರೆ ಹುಳಿಯ ಮಟ್ಟ, ಬದಲಾಗದಂತೆ ಹಿಡಿಯುವ ದ್ರಾವಣ), ಸೋಡಿಯಂ ಹೈಡ್ರಾಕ್ಸೈಡ್ (ಕಾಸ್ಟಿಕ್ ಸೋಡಾ ಅಂದರೆ ಇದೇ), ಅಣು ಕರಗಿಸುವ ದ್ರಾವಕ ಡಿಎಂಎಸ್‌ಓ, ಟ್ರೈಟಾನ್ ಎಕ್ಸ್-100 ಎಂಬ ಡಿಟರ್ಜೆಂಟ್, ಸೋಡಿಯಂ ಫ್ಲೋರೈಡ್, 400ರಿಂದ 420 ನ್ಯಾನೋಮೀಟರ್ ಓದುವ ಕಲರಿಮೀಟರ್ ಅಥವಾ ಸ್ಪೆಕ್ಟ್ರೋ, ನೀರು ಒಂದೇ ಬಿಸಿಯಲ್ಲಿ ಇಡುವ ವಾಟರ್ ಬಾತ್. ಮತ್ತೆ ಒಳ್ಳೆಯ ಡಿಸ್ಟಿಲ್ಡ್ ವಾಟರ್.

ನೀರಿನ ವಿಷಯ ಒತ್ತಿ ಹೇಳುತ್ತೇನೆ. ಬೋರ್ ನೀರಿನಲ್ಲಿ ಬಫರ್ ಮಾಡಬೇಡಿ. ಮುಂಡರಗಿ ಸುತ್ತಮುತ್ತ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ ಇರುವುದು ನಿಮಗೆಲ್ಲ ಗೊತ್ತು. ಫ್ಲೋರೈಡ್ ಸ್ವತಃ ಫಾಸ್ಫಟೇಸನ್ನು ತಡೆಯುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ, ಪೈಪಿನ ಸತು ಇವು ಇನ್ನೊಂದು ತಲೆನೋವು. ಲ್ಯಾಬಿನ ಡಿಸ್ಟಿಲೇಷನ್ ಘಟಕ ಕೆಟ್ಟಿದ್ದರೆ ಬಾಟಲಿಯ ಡಿಸ್ಟಿಲ್ಡ್ ವಾಟರ್ ಕೊಂಡು ತನ್ನಿ, ಬ್ಯಾಟರಿ ಅಂಗಡಿಯ ನೀರು ಬೇಡ.

ಹಂತ 1: ಯಾವ ಎಂಜೈಮ್ ಎಂದು ನಿರ್ಧರಿಸಿ

ಪಿಟಿಪಿ1ಬಿ ದುಬಾರಿ. ಕೊಳ್ಳಬೇಕು, ಇಲ್ಲವೇ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಬೆಳೆಸಿ ತೆಗೆಯಬೇಕು. ಮೊದಲ ದಿನವೇ ಅದಕ್ಕೆ ಕೈ ಹಾಕಬೇಡಿ. ಮೊಳಕೆ ಹೆಸರುಕಾಳಿನ ಆಸಿಡ್ ಫಾಸ್ಫಟೇಸ್ ಮೇಲೆ ಕೈ ಪಳಗಿಸಿ.

ಹೆಸರುಕಾಳನ್ನು ರಾತ್ರಿ ನೆನೆಹಾಕಿ, ಬಟ್ಟೆ ಕಟ್ಟಿ ಎರಡು ದಿನ ಮೊಳಕೆ ಬರಿಸಿ, ಮನೆಯಲ್ಲಿ ಉಸುಳಿಗೆ ಮಾಡುವ ಹಾಗೆಯೇ. 10 ಗ್ರಾಂ ಮೊಳಕೆಯನ್ನು 25 ಮಿ.ಲೀ. ತಣ್ಣನೆಯ 0.1 ಮೋಲಾರ್ ಅಸಿಟೇಟ್ ಬಫರಿನಲ್ಲಿ, ಪಿಎಚ್ 5ರಲ್ಲಿ, ಐಸ್ ಮೇಲಿಟ್ಟ ಮಾರ್ಟರಿನಲ್ಲಿ ಅರೆಯಿರಿ. ತೆಳು ಬಟ್ಟೆಯಲ್ಲಿ ಸೋಸಿ, 5000 ಆರ್‌ಪಿಎಂನಲ್ಲಿ 10 ನಿಮಿಷ ತಿರುಗಿಸಿ, ಮೇಲಿನ ತಿಳಿ ತೆಗೆದುಕೊಳ್ಳಿ. ಅದೇ ನಿಮ್ಮ ಎಂಜೈಮ್. ಕೆಲಸ ಮುಗಿಯುವವರೆಗೂ ಐಸಿನಲ್ಲೇ ಇರಲಿ. ಕರೆಂಟ್ ಹೋದರೂ ಉಳಿಯುವಷ್ಟು ಐಸ್ ಮೊದಲೇ ತಂದಿಟ್ಟುಕೊಳ್ಳಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಅಭ್ಯಾಸಬಲದಿಂದ ಫಾಸ್ಫೇಟ್ ಬಫರಿನಲ್ಲಿ ಅರೆದುಬಿಡುತ್ತಾರೆ. ಫಾಸ್ಫೇಟ್ ಈ ಎಂಜೈಮಿನ ಕೆಲಸದಿಂದ ಹೊರಬರುವ ವಸ್ತು. ಅದೇ ಗುಳಿಯಲ್ಲಿ ಕೂತು ಎಂಜೈಮನ್ನು ತಡೆಯುತ್ತದೆ. “ಮೇಡಂ, ಬಣ್ಣನ ಬರವಲ್ದ್ರಿ” ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಬಫರಿನ ಹೆಸರನ್ನೇ.

ಇನ್ನೊಂದು ಮಾತು. ಹೆಸರುಕಾಳಿನ ಫಾಸ್ಫಟೇಸ್ ಅಭ್ಯಾಸಕ್ಕೆ ಮಾತ್ರ. ಅದರ ಮೇಲೆ ಕೆಲಸ ಮಾಡಿದ ಅಣು ಮನುಷ್ಯರ ಸಿಗ್ನಲಿಂಗ್ ಫಾಸ್ಫಟೇಸ್ ಮೇಲೂ ಕೆಲಸ ಮಾಡುತ್ತದೆ ಎಂದು ಬರೆಯಬೇಡಿ.

ಹಂತ 2: ಪಿಎನ್‌ಪಿಪಿ ದ್ರಾವಣ ಮತ್ತು ಸ್ಟಾಂಡರ್ಡ್ ಗೆರೆ

ಡೈಸೋಡಿಯಂ ಹೆಕ್ಸಾಹೈಡ್ರೇಟ್ ರೂಪದ ಪಿಎನ್‌ಪಿಪಿಯ ಅಣುತೂಕ 371. ಹಾಗಾಗಿ 37.1 ಮಿ.ಗ್ರಾಂ ಅನ್ನು 10 ಮಿ.ಲೀ. ಬಫರಿನಲ್ಲಿ ಕರಗಿಸಿದರೆ 10 ಮಿಲಿಮೋಲಾರ್. ಡಬ್ಬಿಯ ಮೇಲೆ ಬೇರೆ ಅಣುತೂಕ ಇದ್ದರೆ ಅದನ್ನೇ ಲೆಕ್ಕಕ್ಕೆ ಹಿಡಿಯಿರಿ. ದ್ರಾವಣವನ್ನು ಅದೇ ದಿನ ಮಾಡಿ, ಫಾಯಿಲ್ ಸುತ್ತಿ ಐಸಿನಲ್ಲಿಡಿ. ಇಟ್ಟಲ್ಲೇ ಹಳದಿ ತಿರುಗಿದ್ದರೆ ಚೆಲ್ಲಿ ಹೊಸದು ಮಾಡಿ.

ಸ್ಟಾಂಡರ್ಡ್‌ಗೆ ಪ್ಯಾರಾ ನೈಟ್ರೋಫಿನಾಲ್ 13.9 ಮಿ.ಗ್ರಾಂ ಅನ್ನು 100 ಮಿ.ಲೀ.ಗೆ ಮಾಡಿದರೆ 1 ಮಿಲಿಮೋಲಾರ್. ಅದನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ 10, 20, 30, 40, 50 ಮೈಕ್ರೋಮೋಲಾರ್‌ಗೆ ತೆಳ್ಳಗೆ ಮಾಡಿ ಓದಿ. ಒಳ್ಳೆಯ ಸ್ಪೆಕ್ಟ್ರೋದಲ್ಲಿ 405 ನ್ಯಾನೋಮೀಟರ್‌ಗೆ ಇದರ ಮೋಲಾರ್ ಅಬ್ಸಾರ್ಬೆನ್ಸ್ ಸುಮಾರು 18,000. ಅಂದರೆ 50 ಮೈಕ್ರೋಮೋಲಾರ್‌ಗೆ ರೀಡಿಂಗ್ 0.9ರ ಆಸುಪಾಸು ಬರಬೇಕು. ಹಳೆಯ ಕಲರಿಮೀಟರಿನಲ್ಲಿ ಕಡಿಮೆ ಬರುತ್ತದೆ, ಚಿಂತೆ ಬೇಡ. ಗೆರೆ ನೇರ ಇದ್ದರೆ ಸಾಕು, ನಿಮ್ಮ ಯಂತ್ರದ ಗೆರೆಯನ್ನೇ ಬಳಸಿ.

ಹಂತ 3: ಎಂಜೈಮ್ ಎಷ್ಟು, ಸಮಯ ಎಷ್ಟು

ಇದನ್ನು ಹಾರಿಸಿ ನೇರವಾಗಿ ಸಾರ ಹಾಕುವವರೇ ಜಾಸ್ತಿ. ಒಂದು ದಿನ ಇದಕ್ಕೇ ಇಡಿ.

ಒಂದು ಟ್ಯೂಬಿಗೆ 0.7 ಮಿ.ಲೀ. ಬಫರ್, 0.1 ಮಿ.ಲೀ. ಇನ್ಹಿಬಿಟರ್ ಅಥವಾ ಬರಿಯ ದ್ರಾವಕ, 0.1 ಮಿ.ಲೀ. ಎಂಜೈಮ್. 37 ಡಿಗ್ರಿಯಲ್ಲಿ 10 ನಿಮಿಷ ಬಿಟ್ಟು, 0.1 ಮಿ.ಲೀ. ಪಿಎನ್‌ಪಿಪಿ ಹಾಕಿ ಗಡಿಯಾರ ಶುರು ಮಾಡಿ. ಸಮಯ ಮುಗಿದಾಗ 2 ಮಿ.ಲೀ. 0.2 ಮೋಲಾರ್ ಕಾಸ್ಟಿಕ್ ಸೋಡಾ ಹಾಕಿ. ಎಂಜೈಮ್ ನಿಲ್ಲುತ್ತದೆ, ನೀರಿನಂತಿದ್ದ ಟ್ಯೂಬಿನಲ್ಲಿ ಹಳದಿ ಏಳುತ್ತದೆ. 2, 5, 10, 15, 20 ನಿಮಿಷಕ್ಕೆ ಒಂದೊಂದು ಟ್ಯೂಬ್ ನಿಲ್ಲಿಸಿ, ಗ್ರಾಫ್ ಹಾಕಿ.

ಗೆರೆ ಎಲ್ಲಿಯವರೆಗೆ ನೇರ ಇದೆಯೋ ಅಲ್ಲಿಯವರೆಗಿನ ಸಮಯ ಮಾತ್ರ ನಿಮ್ಮದು. ಅಂದಾಜಿಗೆ ಒಂದು ಲೆಕ್ಕ ಕೊಡುತ್ತೇನೆ. ಟ್ಯೂಬಿನಲ್ಲಿ ಪಿಎನ್‌ಪಿಪಿ 1 ಮಿಲಿಮೋಲಾರ್ ಇದೆ. ಅದರಲ್ಲಿ 10 ಶೇಕಡಾ ಮಾತ್ರ ಖರ್ಚಾಗಲು ಬಿಡಬೇಕು. ಆ 10 ಶೇಕಡಾ 3 ಮಿ.ಲೀ.ಗೆ ಹರಡಿದಾಗ 33 ಮೈಕ್ರೋಮೋಲಾರ್, ಅಂದರೆ ರೀಡಿಂಗ್ ಸುಮಾರು 0.6. ಅದನ್ನು ದಾಟಿದರೆ ಎಂಜೈಮನ್ನು ತೆಳ್ಳಗೆ ಮಾಡಿ.

ಯಾಕೆ ಇಷ್ಟು ಹಟ? ಎಂಜೈಮ್ ಅತಿಯಾಗಿದ್ದರೆ ಅರ್ಧದಷ್ಟು ತಡೆದರೂ ಉಳಿದರ್ಧ 20 ನಿಮಿಷದಲ್ಲಿ ಎಲ್ಲ ಪಿಎನ್‌ಪಿಪಿಯನ್ನೂ ಮುಗಿಸಿಬಿಡುತ್ತದೆ. ನಿಮ್ಮ ಒಳ್ಳೆಯ ಅಣು ಕೆಲಸಕ್ಕೆ ಬಾರದ್ದು ಅನ್ನಿಸಿಕೊಂಡು ಕಸಕ್ಕೆ ಹೋಗುತ್ತದೆ.

ಇದೇ ಹೊತ್ತಿನಲ್ಲಿ ಕೆಎಂ ಕೂಡ ನೋಡಿ. ಎಂಜೈಮ್ ತನ್ನ ಗರಿಷ್ಠ ವೇಗದ ಅರ್ಧಕ್ಕೆ ಬರಲು ಬೇಕಾದ ಪಿಎನ್‌ಪಿಪಿ ಪ್ರಮಾಣವೇ ಕೆಎಂ. ಮುಂದಿನ ಪರೀಕ್ಷೆಗಳನ್ನು ಆ ಪ್ರಮಾಣದ ಹತ್ತಿರವೇ ಮಾಡಿ. ಗುಳಿಗಾಗಿ ಪೈಪೋಟಿ ಮಾಡುವ ಇನ್ಹಿಬಿಟರ್ ಆದರೆ, ಕೆಎಂನಷ್ಟೇ ಪಿಎನ್‌ಪಿಪಿ ಇದ್ದಾಗ ಐಸಿ50, ಅಂದರೆ ಕೆಲಸ ಅರ್ಧಕ್ಕಿಳಿಸುವ ಪ್ರಮಾಣ, ಅದರ ನಿಜವಾದ ಹಿಡಿತದ ಎರಡರಷ್ಟು ಕಾಣುತ್ತದೆ. ಹತ್ತು ಪಟ್ಟು ಹಾಕಿದರೆ ಹನ್ನೊಂದರಷ್ಟು. ಅಣು ಅದೇ, ಸಂಖ್ಯೆ ಮಾತ್ರ ಬೇರೆ. ಪಿಎನ್‌ಪಿಪಿ ಎಷ್ಟು ಹಾಕಿದ್ದೀರಿ ಎಂದು ಬರೆಯದ ಐಸಿ50ಯನ್ನು ಯಾರ ಸಂಖ್ಯೆಯ ಜೊತೆಗೂ ಹೋಲಿಸಲು ಬರುವುದಿಲ್ಲ.

ಹಂತ 4: ಗೊತ್ತಿರುವ ಇನ್ಹಿಬಿಟರ್ ಮೊದಲು

ಹೆಸರುಕಾಳಿನ ಎಂಜೈಮಿಗೆ ಸೋಡಿಯಂ ಫ್ಲೋರೈಡ್ ಅಥವಾ ಮಾಲಿಬ್ಡೇಟ್ ಹಾಕಿ ನೋಡಿ. 42 ಮಿ.ಗ್ರಾಂ ಸೋಡಿಯಂ ಫ್ಲೋರೈಡ್ 10 ಮಿ.ಲೀ. ನೀರಿನಲ್ಲಿ 100 ಮಿಲಿಮೋಲಾರ್. ಅದು ವಿಷ, ಬಾಯಿಂದ ಪಿಪೆಟ್ ಎಳೆಯಬೇಡಿ, ಪ್ಲಾಸ್ಟಿಕ್ ಬಾಟಲಿಯಲ್ಲೇ ಇಡಿ. ಪ್ರಮಾಣ ಏರಿದ ಹಾಗೆ ಬಣ್ಣ ಇಳಿಯಬೇಕು. ಇಳಿಯದಿದ್ದರೆ ನಿಮ್ಮ ಪರೀಕ್ಷೆಯೇ ಸರಿ ಇಲ್ಲ, ಹೊಸ ಅಣುವಿಗೆ ಕೈ ಹಾಕಬೇಡಿ.

ಪಿಟಿಪಿ1ಬಿಗೆ ಬಂದಾಗ ಗೊತ್ತಿರುವ ಇನ್ಹಿಬಿಟರ್ ಎಂದರೆ ಸೋಡಿಯಂ ಆರ್ಥೋವ್ಯಾನಡೇಟ್. ಇದನ್ನು ನೀರಿಗೆ ಹಾಕಿ ಕಲಕಿದರೆ ಆಗಲಿಲ್ಲ. 200 ಮಿಲಿಮೋಲಾರ್ ದ್ರಾವಣ ಮಾಡಿ ಪಿಎಚ್ 10ಕ್ಕೆ ತನ್ನಿ. ದ್ರಾವಣ ಹಳದಿಗೆ ತಿರುಗುತ್ತದೆ. ವ್ಯಾನಡೇಟ್ ಹತ್ತತ್ತು ಕೂಡಿ ಗಂಟು ಕಟ್ಟಿರುವ ಗುರುತು ಅದು. ಕುದಿಸಿ. ಬಣ್ಣ ತೆಳುವಾಗುತ್ತಾ ಬಂದು ಕೊನೆಗೆ ನೀರಿನಷ್ಟು ತಿಳಿಯಾಗುತ್ತದೆ. ಆರಿಸಿ, ಮತ್ತೆ ಪಿಎಚ್ 10ಕ್ಕೆ ತನ್ನಿ, ಮತ್ತೆ ಹಳದಿಯಾದರೆ ಮತ್ತೆ ಕುದಿಸಿ. ಆರಿದ ಮೇಲೂ ತಿಳಿಯಾಗಿ, ಪಿಎಚ್ 10ರಲ್ಲೇ ನಿಂತರೆ ಚಿಕ್ಕ ಚಿಕ್ಕ ಪಾಲು ಮಾಡಿ ಫ್ರೀಜರಿನಲ್ಲಿಡಿ.

ಎಚ್ಚರಿಕೆ: ಲೋಹ ಹಿಡಿಯುವ ಇಡಿಟಿಎ ಇರುವ ಬಫರಿನಲ್ಲಿ ವ್ಯಾನಡೇಟ್ ಕೆಲಸ ಮಾಡುವುದಿಲ್ಲ, ಇಡಿಟಿಎ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಿಸ್ಟೀನ್ ಕೆಡದಂತೆ ಹಾಕುವ ಡಿಟಿಟಿ ಜಾಸ್ತಿ ಇದ್ದರೂ ವ್ಯಾನಡೇಟ್ ಹಾಳಾಗುತ್ತದೆ. ಪಿಟಿಪಿ1ಬಿಯ ಸಾಮಾನ್ಯ ಬಫರಿನಲ್ಲಿ ಈ ಎರಡೂ ಇರುತ್ತವೆ, ನೋಡಿಕೊಳ್ಳಿ. ಹೈಡ್ರೋಜನ್ ಪೆರಾಕ್ಸೈಡ್ ತಾಗಿದ ವ್ಯಾನಡೇಟ್ ಬೇರೆಯೇ ವಸ್ತು. ಅದರ ಹೆಸರು ಪರ್ವ್ಯಾನಡೇಟ್, ಅದು ಸಿಸ್ಟೀನನ್ನು ಸುಟ್ಟು ಎಂಜೈಮನ್ನು ಶಾಶ್ವತವಾಗಿ ಕೊಲ್ಲುತ್ತದೆ.

ಹಂತ 5: ಈಗ ನಿಮ್ಮ ಅಣು ಅಥವಾ ಸಾರ

ಗಿಡ ತರುವಾಗಲೇ ಎರಡು ಕೆಲಸ ಮುಗಿಸಿ. ಬಾಟನಿ ವಿಭಾಗದಲ್ಲಿ ಗಿಡದ ಗುರುತು ಖಚಿತಪಡಿಸಿ, ಒಂದು ಒಣ ಮಾದರಿ ಇಟ್ಟುಬನ್ನಿ. ಕಪ್ಪತಗುಡ್ಡದಿಂದ ತರುವ ಆಸೆ ಎಲ್ಲರಿಗೂ ಇರುತ್ತದೆ. ಅದು ವನ್ಯಜೀವಿ ಧಾಮ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ಬೇರನ್ನೂ ಕೀಳಬೇಡಿ.

ಅಣುವನ್ನು ಡಿಎಂಎಸ್‌ಓದಲ್ಲಿ ಕರಗಿಸಿ, ಟ್ಯೂಬಿನಲ್ಲಿ ಡಿಎಂಎಸ್‌ಓ 1 ಶೇಕಡಾ ಮೀರದಂತೆ, ಎಲ್ಲ ಟ್ಯೂಬಿಗೂ ಒಂದೇ ಅಳತೆ ಇರುವಂತೆ ನೋಡಿ. ಇನ್ಹಿಬಿಟರ್ ಇಲ್ಲದ ಟ್ಯೂಬಿಗೂ ಅಷ್ಟೇ ಡಿಎಂಎಸ್‌ಓ ಬೇಕು.

ಆಮೇಲೆ ಬಣ್ಣದ ಬ್ಲಾಂಕ್, ಅಂದರೆ ಸಾರದ ಸ್ವಂತ ಬಣ್ಣವನ್ನು ಕಳೆಯಲು ಇಡುವ ಟ್ಯೂಬ್. ಇದು ಒಂದನ್ನು ಕಣ್ಣಾರೆ ನೋಡಿದರೆ ಮರೆಯುವುದಿಲ್ಲ. ಅಳಲೆಕಾಯಿ ಅಥವಾ ದಾಳಿಂಬೆ ಸಿಪ್ಪೆಯ ಸಾರ ಇರುವ ಟ್ಯೂಬಿಗೆ, ಎಂಜೈಮ್ ಇಲ್ಲದೆಯೇ, ಕಾಸ್ಟಿಕ್ ಸೋಡಾ ಹಾಕಿ. ತಿಳಿ ಹಳದಿ ಇದ್ದದ್ದು ಕ್ಷಣದಲ್ಲಿ ಚಹಾದ ಬಣ್ಣಕ್ಕೆ ಬರುತ್ತದೆ, ನೋಡನೋಡುತ್ತಲೇ ಇನ್ನೂ ಕಪ್ಪಾಗುತ್ತದೆ. ಆ ಬಣ್ಣವೂ 405ರಲ್ಲಿ ಓದುತ್ತದೆ. ಹಾಗಾಗಿ ಪ್ರತಿ ಪ್ರಮಾಣಕ್ಕೂ ಅದರದ್ದೇ ಬ್ಲಾಂಕ್ ಬೇಕು. ಅದೇ ಟ್ಯೂಬ್, ಅದೇ ಸಾರ, ಆದರೆ ಮೊದಲು ಕಾಸ್ಟಿಕ್ ಸೋಡಾ, ಆಮೇಲೆ ಎಂಜೈಮ್. ಕಾಸ್ಟಿಕ್ ಸೋಡಾ ಹಾಕಿದ ಮೇಲೆ ಎಲ್ಲವನ್ನೂ ಅಷ್ಟೇ ನಿಮಿಷಕ್ಕೆ ಓದಿ.

ಕನಿಷ್ಠ ಎಂಟು ಪ್ರಮಾಣ ಇರಲಿ. ಒಂದೇ ಪ್ರಮಾಣದ “90 ಪರ್ಸೆಂಟ್” ಏನನ್ನೂ ಹೇಳುವುದಿಲ್ಲ. ಸಾಮಾನ್ಯ ಇನ್ಹಿಬಿಟರ್ ಆದರೆ 10ರಿಂದ 90 ಶೇಕಡಾ ತಡೆಗೆ ಏರಲು ಪ್ರಮಾಣವನ್ನು 81 ಪಟ್ಟು ಹೆಚ್ಚಿಸಬೇಕು. ನಿಮ್ಮ ಗೆರೆ ಮೂರು-ನಾಲ್ಕು ಪಟ್ಟಿನಲ್ಲೇ ಗೋಡೆಯ ಹಾಗೆ ನೆಟ್ಟಗೆ ಎದ್ದರೆ ಅನುಮಾನ ಪಡಿ.

ಹಂತ 6: ಸುಳ್ಳು ತಡೆಯನ್ನು ಹಿಡಿಯುವುದು

ಇಡೀ ಲೇಖನದಲ್ಲಿ ನೀವು ನಿಧಾನವಾಗಿ ಓದಬೇಕಾದ ಭಾಗ ಇದು.

ಹುಳಿ. ಪುಂಡಿ ಪಲ್ಯ, ಹುಣಸೆ ಥರದ ಸಾರ ಟ್ಯೂಬಿನ ಪಿಎಚ್ ಇಳಿಸಿದರೆ ಎಂಜೈಮ್ ಅದಕ್ಕೇ ನಿಧಾನ ಆಗಬಹುದು. ಸಾರ ಹಾಕಿದ ಬಫರಿನ ಪಿಎಚ್ ಅಳೆಯಿರಿ. ಎರಡು ನಿಮಿಷದ ಕೆಲಸ.

ಫಾಸ್ಫೇಟ್. ಗಿಡದ ನೀರಿನ ಸಾರದಲ್ಲಿ ಫಾಸ್ಫೇಟ್ ಇದ್ದೇ ಇರುತ್ತದೆ. ಸಾರದ ಫಾಸ್ಫೇಟ್ ಅಳೆದು, ಅಷ್ಟೇ ಫಾಸ್ಫೇಟನ್ನು ಬೇರೆ ಟ್ಯೂಬಿಗೆ ಹಾಕಿ ಎಷ್ಟು ತಡೆ ಬರುತ್ತದೆ ನೋಡಿ.

ಟ್ಯಾನಿನ್. ಹಿಂದೆ ಚರ್ಮ ಹದ ಮಾಡಲು ಜಾಲಿ ತೊಗಟೆ ಬಳಸುತ್ತಿದ್ದರು. ತೊಗಟೆಯ ಟ್ಯಾನಿನ್ ಚರ್ಮದ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಬಿಗಿ ಮಾಡುತ್ತದೆ. ಎಂಜೈಮ್ ಕೂಡ ಪ್ರೋಟೀನ್ ತಾನೇ? ಅಳಲೆ, ದಾಳಿಂಬೆ ಸಿಪ್ಪೆ, ಜಾಲಿ ತೊಗಟೆ ಇವೆಲ್ಲ ಯಾವ ಎಂಜೈಮ್ ಕೊಟ್ಟರೂ ಹೀಗೆಯೇ ಕಟ್ಟಿಹಾಕುತ್ತವೆ. ಸಾರವನ್ನು ಪಿವಿಪಿಪಿ ಎಂಬ ಪುಡಿಯ ಜೊತೆ ಅಲ್ಲಾಡಿಸಿ ಟ್ಯಾನಿನ್ ತೆಗೆದು ಮತ್ತೆ ಪರೀಕ್ಷಿಸಿ. ತಡೆ ಹೋದರೆ ಅದು ಟ್ಯಾನಿನ್ ಕೆಲಸ. ನಮ್ಮ ಕಡೆಯ ಗಿಡಗಳಲ್ಲಿ ನಾನು ಕಂಡ 90 ಪರ್ಸೆಂಟುಗಳಲ್ಲಿ ಹೆಚ್ಚಿನವು ಇಲ್ಲೇ ನಿಂತಿವೆ.

ಗುಂಪುಗೂಡುವಿಕೆ. ನೀರಿನಲ್ಲಿ ಸರಿಯಾಗಿ ಕರಗದ ಅಣುಗಳು ಕಣ್ಣಿಗೆ ಕಾಣದ ಉಂಡೆ ಕಟ್ಟುತ್ತವೆ. ಎಂಜೈಮ್ ಆ ಉಂಡೆಗೆ ಅಂಟಿ ಸಿಕ್ಕಿಕೊಳ್ಳುತ್ತದೆ. ಬಫರಿಗೆ 0.01 ಶೇಕಡಾ ಟ್ರೈಟಾನ್ ಹಾಕಿ ಮತ್ತೆ ನೋಡಿ. ತಡೆ ಮಾಯವಾದರೆ ಉಂಡೆಯದೇ ಕೆಲಸ. ಎಂಜೈಮನ್ನು ಹತ್ತು ಪಟ್ಟು ಹೆಚ್ಚಿಸಿ, ಸಮಯ ಕಡಿಮೆ ಮಾಡಿಯೂ ನೋಡಬಹುದು. ನಿಜವಾದ ಇನ್ಹಿಬಿಟರಿನ ಐಸಿ50 ಹೆಚ್ಚೇನೂ ಅಲುಗಾಡುವುದಿಲ್ಲ, ಉಂಡೆಯದ್ದು ಮೇಲೇರುತ್ತದೆ.

ಪೆರಾಕ್ಸೈಡ್. ಪಿಟಿಪಿ ಕುಟುಂಬದಲ್ಲಿ ಇದು ಎಲ್ಲಕ್ಕಿಂತ ದೊಡ್ಡ ಬಲೆ. ಸಿಸ್ಟೀನ್ ಕೆಡದಿರಲಿ ಎಂದು ಬಫರಿಗೆ ಡಿಟಿಟಿ ಹಾಕುತ್ತೇವೆ. ಕ್ವಿನೋನ್ ಎಂಬ ಜಾತಿಯ ಅಣುಗಳು ಆ ಡಿಟಿಟಿ ಮತ್ತು ಗಾಳಿಯ ಆಕ್ಸಿಜನ್ ನಡುವೆ ಓಡಾಡಿ ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತವೆ. ಪೆರಾಕ್ಸೈಡ್ ಸಿಸ್ಟೀನನ್ನು ಕೆಡಿಸುತ್ತದೆ. ಎಂಜೈಮ್ ನಿಲ್ಲುತ್ತದೆ, ನಿಮ್ಮ ಅಣು ಅದನ್ನು ಮುಟ್ಟಿಯೇ ಇರುವುದಿಲ್ಲ. ಗಿಡಗಳಲ್ಲಿ ಕ್ವಿನೋನ್ ಸಾಮಾನ್ಯ, ಮದರಂಗಿಯ ಕೆಂಪಿಗೆ ಕಾರಣವಾದ ಲಾಸೋನ್ ಕೂಡ ಆ ಬಳಗದ್ದೇ. ಪರೀಕ್ಷೆ ಸುಲಭ. ಪೆರಾಕ್ಸೈಡ್ ಒಡೆಯುವ ಕ್ಯಾಟಲೇಸ್ ಎಂಬ ಎಂಜೈಮನ್ನು ಟ್ಯೂಬಿಗೆ ಸೇರಿಸಿ. ತಡೆ ಹೋಯಿತೋ, ಉತ್ತರ ಸಿಕ್ಕಿತು. ಡಿಟಿಟಿ ಬದಲು ಗ್ಲುಟಾಥಯೋನ್ ಹಾಕಿಯೂ ಹೋಲಿಸಿ.

ಲೋಹ. ಲ್ಯಾಬಿನಲ್ಲಿ ಮಾಡಿದ ಅಣುವಿನಲ್ಲಿ ಚೂರು ಸತು ಉಳಿದಿದ್ದರೂ ಪಿಟಿಪಿ ನಿಲ್ಲುತ್ತದೆ. 1 ಮಿಲಿಮೋಲಾರ್ ಇಡಿಟಿಎ ಹಾಕಿ ನೋಡಿ. ಆದರೆ ಪಿಪಿ1, ಕ್ಯಾಲ್ಸಿನ್ಯೂರಿನ್ ಥರದವು ಲೋಹ ಇಟ್ಟುಕೊಂಡೇ ಕೆಲಸ ಮಾಡುತ್ತವೆ, ಅಲ್ಲಿ ಇಡಿಟಿಎ ಹಾಕಬೇಡಿ.

ಇಷ್ಟೆಲ್ಲ ದಾಟಿದ ಅಣು ಎಂಜೈಮನ್ನು ಹಿಡಿದು ಆಮೇಲೆ ಬಿಡುತ್ತದೆಯೋ, ಹಿಡಿದರೆ ಬಿಡುವುದೇ ಇಲ್ಲವೋ ನೋಡಿ. ಎಂಜೈಮನ್ನು 100 ಪಟ್ಟು ದಪ್ಪಗೆ, ಅಣುವನ್ನು ಐಸಿ50ಯ 10 ಪಟ್ಟು ಹಾಕಿ ಅರ್ಧ ತಾಸು ಬಿಡಿ. ನಂತರ 100 ಪಟ್ಟು ತೆಳ್ಳಗೆ ಮಾಡಿ ಪಿಎನ್‌ಪಿಪಿ ಕೊಡಿ. ಈಗ ಅಣು ಐಸಿ50ಯ ಹತ್ತನೇ ಒಂದು ಪಾಲು ಮಾತ್ರ. ಕೆಲಸ 90 ಶೇಕಡಾದಷ್ಟು ವಾಪಸ್ ಬಂದರೆ ಅಣು ಹಿಡಿದು ಬಿಡುವಂಥದ್ದು.

ಹಂತ 7: ಒಂದನ್ನೇ ತಡೆಯುತ್ತದೆಯೇ?

ಪಿಟಿಪಿ1ಬಿ ಮೇಲೆ ಗೆದ್ದ ಅಣುವನ್ನು ಅದರ ಅಣ್ಣತಮ್ಮಂದಿರ ಮೇಲೂ ಹಾಕಿ. ಮೊದಲನೆಯದು ಟಿಸಿ-ಪಿಟಿಪಿ. ಎರಡರ ಕೆಲಸ ಮಾಡುವ ಭಾಗಗಳು 70 ಶೇಕಡಾಕ್ಕಿಂತ ಹೆಚ್ಚು ಒಂದೇ. ಜೊತೆಗೆ ಎಸ್‌ಎಚ್‌ಪಿ2, ಟೈರೋಸಿನ್ ಬದಲು ಸೆರೀನ್, ಥ್ರಿಯೋನಿನ್ ಮೇಲಿನ ಫಾಸ್ಫೇಟ್ ಕಳಚುವ ಫಾಸ್ಫಟೇಸ್ ಒಂದು, ಆಲ್ಕಲೈನ್ ಫಾಸ್ಫಟೇಸ್ ಒಂದು. ಪಿಎನ್‌ಪಿಪಿ ಇವೆಲ್ಲದರ ಜೊತೆಗೂ ಕೆಲಸ ಮಾಡುತ್ತದೆ, ಅದೇ ಅದರ ಅನುಕೂಲ.

ಆದರೆ ಕೋಶದಲ್ಲಿ ಪಿಎನ್‌ಪಿಪಿ ಇರುವುದಿಲ್ಲ. ಹಾಗಾಗಿ ಫಾಸ್ಫೇಟ್ ಹೊತ್ತ ಚಿಕ್ಕ ಪೆಪ್ಟೈಡ್ ಕೊಟ್ಟು, ಕಳಚಿದ ಫಾಸ್ಫೇಟನ್ನು ಮಾಲಕೈಟ್ ಗ್ರೀನ್ ಬಣ್ಣದಿಂದ 620ರಿಂದ 650 ನ್ಯಾನೋಮೀಟರಿನಲ್ಲಿ ಅಳೆಯಿರಿ. ಇಲ್ಲಿ ಗಾಜು ತೊಳೆಯುವ ಪುಡಿಯೇ ಶತ್ರು. ಪುಡಿಯಲ್ಲಿ ಫಾಸ್ಫೇಟ್ ಇದ್ದರೆ ಬ್ಲಾಂಕೇ ಹಸಿರಾಗುತ್ತದೆ. ಹೊಸ ಪ್ಲಾಸ್ಟಿಕ್ ಟ್ಯೂಬ್ ಬಳಸಿ.

ಅಣುವಿನ ಶುದ್ಧತೆಯನ್ನೂ ಈ ಹೊತ್ತಿಗೆ ಖಚಿತ ಮಾಡಿಕೊಳ್ಳಿ. ಕರ್ನಾಟಕ ವಿಶ್ವವಿದ್ಯಾಲಯದ ಉಪಕರಣ ಕೇಂದ್ರದಂಥ ಕಡೆ ನಿಮ್ಮ ಮಾರ್ಗದರ್ಶಕರ ಮೂಲಕ ವಿಚಾರಿಸಿ.

ಹಂತ 8: ಕೋಶಕ್ಕೆ ಹೋಗುವುದು

ಇದಕ್ಕೆ ಸೆಲ್ ಕಲ್ಚರ್ ಇರುವ ಲ್ಯಾಬಿನ ಜೊತೆ ಸೇರಿಯೇ ಮಾಡಿ. ನಾನು ಹೇಳುವುದು ನಾಲ್ಕೇ ಮಾತು.

ಕೋಶ ಸತ್ತರೆ ಸಿಗ್ನಲಿಂಗ್ ಎಲ್ಲವೂ ಬದಲಾಗುತ್ತದೆ, ಆದ್ದರಿಂದ ಕೋಶ ಬದುಕಿರುವ ಪ್ರಮಾಣ ಮೊದಲು ಗೊತ್ತುಮಾಡಿಕೊಳ್ಳಿ. ಅಣುವಿನ ಜೊತೆ, ರೂಪದಲ್ಲಿ ಅದರಂತೆಯೇ ಇದ್ದು ಕೆಲಸ ಮಾಡದ ಜೋಡಿ ಅಣು ಒಂದು ಇರಲಿ. ಒಕಡಾಯಿಕ್ ಆಸಿಡ್ ಬಳಸುವವರು ನಾರ್-ಒಕಡಾವೋನ್ ಅನ್ನು ಹೀಗೆ ಜೋಡಿಯಾಗಿ ಇಟ್ಟುಕೊಳ್ಳುತ್ತಾರೆ. ಎರಡೂ ಒಂದೇ ಪರಿಣಾಮ ಕೊಟ್ಟರೆ ಅದು ಫಾಸ್ಫಟೇಸಿನಿಂದ ಬಂದದ್ದಲ್ಲ.

ಫಾಸ್ಫೇಟ್ ಕಳಚಿ ಹೋಗದಿರಲಿ ಎಂದು ಕೋಶ ಒಡೆಯುವ ಬಫರಿಗೆ ವ್ಯಾನಡೇಟ್, ಫ್ಲೋರೈಡ್ ಹಾಕುವುದು ರೂಢಿ. ಆಂಟಿಬಾಡಿಯಿಂದ ಪ್ರೋಟೀನ್ ಗುರುತಿಸುವ ವೆಸ್ಟರ್ನ್ ಬ್ಲಾಟ್‌ಗೆ ಅದು ಸರಿ. ಅದೇ ಕೋಶದ ರಸದಲ್ಲಿ ಫಾಸ್ಫಟೇಸ್ ಕೆಲಸ ಅಳೆಯಲು ಹೋದರೆ ಬಣ್ಣವೇ ಬರುವುದಿಲ್ಲ. ಎರಡಕ್ಕೂ ಬೇರೆ ಬೇರೆ ತಟ್ಟೆ ಇಡಿ.

ಕೊನೆಯದಾಗಿ, ಅಣು ತೋರಿಸಿದ್ದನ್ನು ಜೀನ್ ಕಡೆಯಿಂದಲೂ ನೋಡಬೇಕು. ಆ ಫಾಸ್ಫಟೇಸ್ ಇಲ್ಲದ ಕೋಶದಲ್ಲಿ ನಿಮ್ಮ ಅಣು ಹೊಸದೇನನ್ನೂ ಮಾಡಬಾರದು. ಮಾಡಿದರೆ ಅದು ಬೇರೆ ಯಾವುದನ್ನೋ ಮುಟ್ಟುತ್ತಿದೆ. ಪಿಟಿಪಿ1ಬಿಗೆ ಇನ್ನೊಂದು ಒಳ್ಳೆಯ ಸಾಧನ ಇದೆ. 181ನೆಯ ಆಸ್ಪಾರ್ಟೇಟನ್ನು ಅಲನಿನ್ ಆಗಿ ಬದಲಿಸಿದರೆ ಎಂಜೈಮ್ ತನ್ನ ಪ್ರೋಟೀನನ್ನು ಹಿಡಿಯುತ್ತದೆ, ಫಾಸ್ಫೇಟ್ ಕಳಚಲಾಗದೆ ಹಾಗೇ ಹಿಡಿದುಕೊಂಡಿರುತ್ತದೆ. ಯಾವ ಪ್ರೋಟೀನ್ ಮೇಲೆ ಅದು ಕೆಲಸ ಮಾಡುತ್ತಿತ್ತು ಎಂದು ಹಾಗೆ ಗೊತ್ತಾಗುತ್ತದೆ.

ಬರೆಯುವಾಗ

ಒಂದೇ ದಿನ, ಒಂದೇ ಎಂಜೈಮಿನಿಂದ ಹಾಕಿದ ಮೂರು ಟ್ಯೂಬ್ ಮೂರು ಪ್ರಯೋಗ ಅಲ್ಲ. ಬೇರೆ ಬೇರೆ ದಿನ, ಹೊಸ ಎಂಜೈಮ್, ಹೊಸ ಸ್ಟಾಕ್ ಮಾಡಿ ಮೂರು ಸಲ ಬಂದದ್ದನ್ನು ಬರೆಯಿರಿ. ಸರಿ ಬರದ ದಿನದ ರೀಡಿಂಗನ್ನೂ ನೋಟ್‌ಬುಕ್ಕಿನಲ್ಲಿ ಉಳಿಸಿ.

ವ್ಯಾನಡೇಟ್, ಮಾಲಿಬ್ಡೇಟ್, ಫ್ಲೋರೈಡ್, ನೈಟ್ರೋಫಿನಾಲ್ ಇರುವ ನೀರನ್ನು ಸಿಂಕಿಗೆ ಸುರಿಯಬೇಡಿ. ಹೆಸರು ಬರೆದ ಕ್ಯಾನಿನಲ್ಲಿ ಕೂಡಿಡಿ. ಫ್ಲೋರೈಡ್ ಇರುವ ಕ್ಯಾನಿಗೆ ಆಸಿಡ್ ಸೇರಲೇಬಾರದು.

ಟ್ಯಾನಿನ್ ತೆಗೆದ ಮೇಲೆ ತಡೆ ಹೋಯಿತು ಅನ್ನಿ. ಆರು ತಿಂಗಳ ಕೆಲಸ, ಬೇಜಾರಾಗುತ್ತದೆ. ಆದರೂ ಅದನ್ನೇ ಬರೆಯಿರಿ. ನಿಮ್ಮ ಮುಂದಿನ ಬ್ಯಾಚಿನವರು ಅದೇ ಗಿಡ ಹಿಡಿದು ಬಂದಾಗ ಅವರಿಗೆ ಬೇಕಾಗಿರುವುದು ಆ ಪುಟವೇ. ತಡೆ ಉಳಿಯಿತು ಅನ್ನಿ, ಆಗ ವರದಿಯ ಶೀರ್ಷಿಕೆಯಲ್ಲಿ “ಸಕ್ಕರೆ ಕಾಯಿಲೆಗೆ ಮದ್ದು” ಅಂತ ಹಾಕಬೇಡಿ. ಯಾವ ಎಂಜೈಮ್, ಯಾವ ಪಿಎಚ್, ಎಷ್ಟು ಪಿಎನ್‌ಪಿಪಿ, ಟ್ರೈಟಾನ್ ಮತ್ತು ಕ್ಯಾಟಲೇಸ್ ಇದ್ದಾಗಲೂ ಐಸಿ50 ಎಷ್ಟು ಬಂತು, ಇಷ್ಟನ್ನು ಮೊದಲ ಪುಟದಲ್ಲೇ ಬರೆಯಿರಿ.